ಬಸ್ಸಿನಲ್ಲಿ ವಾಂತಿ ಬರುತ್ತದೆಯೇ ಎಂದು ಕೇಳಿದ್ದರು

ನಾನು ಕೊಟ್ಟೂರಿನಲ್ಲಿ ಬಸ್ಸು, ಲಾರಿಗಳ ಇಂಜಿನ್ ಬಿಚ್ಚಿ ಜೋಡಿಸಿ ಹೊಟ್ಟೆ ಹೊರೆದವನು. ಅಂಥವನಿಗೆ ಬಸ್ಸಿನಲ್ಲಿ ಕೂತರೆ ವಾಂತಿ ಬರುತ್ತದೆ ಎಂದರೆ ನಗುವವರೇ ಹೆಚ್ಚು. ಆದರೆ ಬರುತ್ತಿತ್ತು. ನಾನೇ ಸ್ಟೇರಿಂಗ್ ಹಿಡಿದರೆ ಬಳ್ಳಾರಿಗೆ ಹೋಗಿ ಬಂದರೂ ಏನೂ ಆಗುತ್ತಿರಲಿಲ್ಲ. ಟಿಕೆಟ್ ತೆಗೆದುಕೊಂಡು ಸೀಟಿನಲ್ಲಿ ಕೂತೆನೋ, ಊರು ದಾಟುವಷ್ಟರಲ್ಲಿ ಬಾಯಲ್ಲಿ ನೀರೂರುತ್ತಿತ್ತು. ಹೆಂಡತಿಯ ತವರು ಹರಪನಹಳ್ಳಿ. ಮದುವೆಯಾದ ಹೊಸದರಲ್ಲಿ ಮೊದಲ ಸಲ ಅಲ್ಲಿಗೆ ಹೋದಾಗ ಮಾವನ ಮನೆಯ ಬಾಗಿಲಲ್ಲಿ ಬಿಳಿಚಿದ ಮುಖ ಹೊತ್ತು, ತಲೆ ತಗ್ಗಿಸಿ ನಿಂತಿದ್ದೆ. ಅಳಿಯ ಬಹಳ ಸಂಕೋಚದವನು ಎಂದು ಅವರು ಮೆಚ್ಚಿಕೊಂಡರು.

ಇದನ್ನು ಮುಚ್ಚಿಡಲು ನಾನು ಪಟ್ಟ ಪಾಡು ನಾಯಿಗೂ ಬೇಡ. ಆ ದಾರಿಯ ಡ್ರೈವರುಗಳೆಲ್ಲ ನನ್ನ ಗಿರಾಕಿಗಳು. ನಾನು ಹತ್ತಿದ ಕೂಡಲೇ ಮುಂದೆ ಹೋಗಿ ಡ್ರೈವರ್ ಪಕ್ಕದ ಬಾನೆಟ್ಟಿನ ಮೇಲೆ ಕೂತು, ಕಣ್ಣು ಮುಚ್ಚಿ ತಲೆ ಬಗ್ಗಿಸಿಬಿಡುತ್ತಿದ್ದೆ.

"ಏನಾತ್ರಿ ಸಾಬ್ರ?" ಎಂದು ಡ್ರೈವರ್ ಕೇಳುತ್ತಿದ್ದ.

"ಸುಮ್ನಿರಪಾ. ಗೇರ್‌ಬಾಕ್ಸಿನ್ಯಾಗ ಏನೋ ಸದ್ದು ಐತಿ. ಕೇಳಾಕ ಹತ್ತೀನಿ."

ಅವನು ಹಿಂದಕ್ಕೆ ತಿರುಗಿ ಪ್ಯಾಸೆಂಜರುಗಳಿಗೆ ಮಾತಾಡಬೇಡಿ ಎಂದು ಗದರುತ್ತಿದ್ದ. ಹರಪನಹಳ್ಳಿ ಬಸ್‌ಸ್ಟ್ಯಾಂಡ್ ಬಂದೊಡನೆ ಟೈರು ನೋಡುವ ನೆಪದಲ್ಲಿ ನಾನು ಇಳಿದು, ಬಸ್ಸಿನ ಹಿಂದೆ ಹೋಗಿ ನನ್ನ ಕೆಲಸ ಮುಗಿಸಿ, ಬಾಯಿ ತೊಳೆದುಕೊಂಡು ಬರುತ್ತಿದ್ದೆ. ಬರಿಗೈಯಲ್ಲಿ ಬರಬಾರದಲ್ಲ, "ಹಿಂದಿನ ಟೈರು ಸವದೈತಿ" ಎಂದು ಏನಾದರೊಂದು ಹೇಳುತ್ತಿದ್ದೆ. ಒಬ್ಬ ಡ್ರೈವರ್ ನನ್ನ ಮಾತು ನಂಬಿ ಡಿಪೋದಲ್ಲಿ ಜಗಳವಾಡಿ ಟೈರು ಬದಲಿಸಿಕೊಂಡ. ನಿಜ ಗೊತ್ತಿದ್ದದ್ದು ನನ್ನ ಹೆಂಡತಿಗೆ ಮಾತ್ರ.

ಇನ್ನು ನನ್ನ ಕಿವಿಯ ವಿಚಾರ. ಎಡಗಿವಿ ಸಣ್ಣವನಿದ್ದಾಗ ಮಂಗನಬಾವು ಬಂದು ಸತ್ತೇಹೋಗಿತ್ತು. ಉಳಿದದ್ದು ಬಲಗಿವಿ ಒಂದೇ. ಅದೂ ಹುಡುಗನಿದ್ದಾಗಿನಿಂದ ಸೋರುತ್ತಿತ್ತು. ಮನೆಯಲ್ಲಿ ಬೆಳ್ಳುಳ್ಳಿ ಕಾಯಿಸಿದ ಎಣ್ಣೆ ಬಿಟ್ಟರು, ಯಾರೋ ಹೇಳಿದರೆಂದು ಏನೇನೋ ಸೊಪ್ಪಿನ ರಸ ಹಿಂಡಿದರು. ಮೂವತ್ತು ದಾಟುವ ಹೊತ್ತಿಗೆ ಜನ ನನ್ನ ಎದುರಿಗೆ ನಿಂತು ಬಾಯಿ ತೆರೆದು ಮುಚ್ಚುವುದು ಕಾಣುತ್ತಿತ್ತೇ ಹೊರತು ಮಾತು ಅರ್ಧಂಬರ್ಧ ಕೇಳುತ್ತಿತ್ತು. ವಿಚಿತ್ರವೆಂದರೆ ಕಸುಬಿಗೆ ಏನೂ ಧಕ್ಕೆಯಾಗಿರಲಿಲ್ಲ. ಉದ್ದನೆಯ ಸ್ಕ್ರೂಡ್ರೈವರ್ ತುದಿಯನ್ನು ಇಂಜಿನ್‌ಗೆ ಒತ್ತಿ, ಹಿಡಿಯನ್ನು ಕಿವಿಯ ಹಿಂದಿನ ಮೂಳೆಗೆ ಆನಿಸಿದರೆ ಯಾವ ಬೇರಿಂಗ್ ಹೋಗಿದೆ, ಯಾವ ವಾಲ್ವ್ ಬಡಿಯುತ್ತಿದೆ ಎಲ್ಲ ಸ್ವಚ್ಛವಾಗಿ ಕೇಳುತ್ತಿತ್ತು. ಮೂಳೆಯ ಮೂಲಕ ಸದ್ದು ಒಳಕಿವಿಗೆ ಹೋಗುತ್ತದೆ, ಕೆಟ್ಟಿರುವುದು ಪರದೆ ಮಾತ್ರ ಎಂದು ಆಮೇಲೆ ಕಿವಿಯ ಡಾಕ್ಟರು ವಿವರಿಸಿದರು. ಅಂದರೆ ಊರವರ ಇಂಜಿನ್‌ಗಳ ಸಂಕಟ ನನಗೆ ಕೇಳುತ್ತಿತ್ತು, ಮನೆಯವಳ ಮಾತು ಕೇಳುತ್ತಿರಲಿಲ್ಲ.

ಅವಳು ನನ್ನೊಡನೆ ಕೂಗಿಯೇ ಮಾತಾಡಬೇಕಿತ್ತು. ಸಕ್ಕರೆ ಮುಗಿದದ್ದು, ಮಗಳಿಗೆ ಭೇದಿಯಾದದ್ದು, ನನ್ನ ತಂಗಿ ಬಂದು ಕೊಂಕು ನುಡಿದದ್ದು ಎಲ್ಲ ಓಣಿಗೆ ನನಗಿಂತ ಮೊದಲೇ ತಿಳಿಯುತ್ತಿತ್ತು. ಬರಬರುತ್ತ ಅವಳು ಕೂಗಿ ಹೇಳಬಹುದಾದದ್ದನ್ನು ಮಾತ್ರ ಹೇಳತೊಡಗಿದಳು. ಗಂಡ ಹೆಂಡತಿ ನಡುವೆ ಕೂಗಿ ಹೇಳಲಾಗದ ಮಾತುಗಳೇ ಹೆಚ್ಚು. ಅವುಗಳನ್ನು ತನ್ನಷ್ಟಕ್ಕೆ ಗೊಣಗಿಕೊಂಡು ಅಡುಗೆ ಮಾಡುತ್ತಿದ್ದಳು. ತುಟಿ ಅಲ್ಲಾಡುವುದು ನೋಡಿ ನನಗೆ ಬಯ್ಯುತ್ತಿದ್ದಾಳೆ ಎಂದೇ ತಿಳಿದು ಸಿಟ್ಟಾಗುತ್ತಿದ್ದೆ.

ತೊಂಬತ್ತರ ದಶಕದ ಕೊನೆಯಲ್ಲಿ ದಾವಣಗೆರೆಯ ಒಂದು ಆಸ್ಪತ್ರೆಯಲ್ಲಿ ಕಿವಿಯ ಡಾಕ್ಟರು ನೋಡಿ, ಕೀವು ಮೂಳೆಗೆ ಇಳಿದಿದೆ, ಮೂಳೆ ಕೊರೆದು ಸ್ವಚ್ಛ ಮಾಡಿ ಪರದೆಗೆ ತೇಪೆ ಹಾಕಬೇಕು, ಪೂರ್ತಿ ಮತ್ತು ಬರಿಸಿಯೇ ಮಾಡಬೇಕು ಎಂದರು. "ಇರೋದೊಂದೇ ಕಿವಿ. ಬಿಟ್ಟರೆ ಅದೂ ಹೋಗುತ್ತೆ" ಎಂದು ಕಾಗದದಲ್ಲಿ ಬರೆದು ತೋರಿಸಿದರು. ಆ ಕಾಗದ ಮಡಚಿ ಜೇಬಿಗಿಟ್ಟುಕೊಂಡು ಒಪ್ಪಿದೆ.

ಮಗಳಿಗೆ ಜ್ವರವಿದ್ದುದರಿಂದ ಹೆಂಡತಿ ಬರಲಾಗಲಿಲ್ಲ. ಜೊತೆಗೆ ಬಂದವನು ನನ್ನ ಗ್ಯಾರೇಜಿನ ಪಕ್ಕದಲ್ಲೇ ಲಾರಿಗಳಿಗೆ ಬಾಡಿ ಕಟ್ಟುವ ಗೆಳೆಯ. ಒಂದು ಬೀಡಿಯಿಂದ ಇನ್ನೊಂದನ್ನು ಹಚ್ಚುವ ಜಾತಿ. ಆಪರೇಷನ್ನಿನ ಹಿಂದಿನ ಸಂಜೆ ಮತ್ತಿನ ಔಷಧ ಕೊಡುವ ಡಾಕ್ಟರಮ್ಮ ವಾರ್ಡಿಗೆ ಬಂದರು. ತೆಳ್ಳಗಿದ್ದರು, ನಿಧಾನದ ಮನುಷ್ಯರು. ನನ್ನ ಕಿವಿಯ ಹತ್ತಿರ ಬಗ್ಗಿ ಒಂದೊಂದೇ ಕೇಳಿದರು. ಹಲ್ಲು ಅಲ್ಲಾಡುತ್ತಾ? ದಮ್ಮು ಇದೆಯಾ? ಬೀಡಿ ಸೇದುತ್ತೀರಾ?

"ಇಲ್ರಿ, ಮುಟ್ಟಂಗಿಲ್ಲ."

"ಬಸ್ಸಲ್ಲಿ ಹೋಗ್ವಾಗ ವಾಂತಿ ಬರುತ್ತಾ?"

ಗೆಳೆಯ ಮಂಚದ ಪಕ್ಕದಲ್ಲೇ ನಿಂತಿದ್ದ. ಎದುರು ಮಂಚದಲ್ಲಿ ಹಡಗಲಿಯ ಒಬ್ಬ ಲಾರಿ ಮಾಲೀಕ ಬೇರೆ. ನನ್ನ ಗತ್ತು ಎಲ್ಲಿ ಹೋಗಬೇಕು?

"ನಾನು ಗ್ಯಾರೇಜ್ ಮೇಸ್ತ್ರಿ ಅದೀನ್ರಿ. ಡೀಸೆಲ್ ವಾಸನಿ ಕುಡುದು ಬೆಳದೋನು. ನನಗೆಲ್ಲಿ ವಾಂತಿ ಬರ್ತೈತ್ರಿ?"

"ಇವಗ ವಾಂತಿ ಬಂದ್ರ ಬಸ್ಸಿಗೇ ನಾಚಿಕಿ ಆಗ್ತೈತ್ರಿ, ಅಮ್ಮಾರ" ಎಂದ ಗೆಳೆಯ. ಎದುರು ಮಂಚದವನೂ ಸೇರಿ ಮೂವರೂ ನಕ್ಕೆವು. ಡಾಕ್ಟರಮ್ಮ ಏನೋ ಬರೆದುಕೊಂಡು ಹೋದರು.

ಮರುದಿನ ಆಪರೇಷನ್ ಮುಗಿದು ಮಧ್ಯಾಹ್ನ ನನಗೆ ಎಚ್ಚರವಾದದ್ದು ಮಂಚದ ಮೇಲೆ ಎಂದು ಅನಿಸಲೇ ಇಲ್ಲ. ಬಾವಿಯಲ್ಲಿ ಬಕೀಟು ತಿರುಗಿದ ಹಾಗೆ ವಾರ್ಡು ತಿರುಗುತ್ತಿತ್ತು. ಕಣ್ಣು ಮುಚ್ಚಿದರೆ ಇನ್ನೂ ಜೋರು. ಆಮೇಲೆ ಶುರುವಾಯಿತು. ಹಿಂದಿನ ದಿನದಿಂದ ಏನೂ ತಿಂದಿರಲಿಲ್ಲ, ಆದರೂ ಹಸಿರು ಪಿತ್ತ, ಬರೀ ಗಾಳಿ, ಹೊಟ್ಟೆಯೇ ಕಿತ್ತು ಬರುವ ಹಾಗೆ ಓಕರಿಕೆ. ಒಂದೊಂದು ಸಲ ಓಕರಿಸಿದಾಗಲೂ ಕಿವಿಯೊಳಗೆ ಏನೋ ಸರಿದಂತಾಗಿ ಪ್ರಾಣ ಹೋಗುತ್ತಿತ್ತು. ನರ್ಸಮ್ಮ ಇಂಜೆಕ್ಷನ್ ತರಲು ಹೋದಾಗ ನನ್ನ ಗೆಳೆಯ ತನ್ನದೇ ವೈದ್ಯ ಮಾಡಿದ. ಬಸ್‌ಸ್ಟ್ಯಾಂಡಿನಲ್ಲಿ ವಾಂತಿಯಾದವರಿಗೆ ನಮ್ಮ ಕಡೆ ಕುಡಿಸುವುದು ನಿಂಬೆಹುಳಿ ಹಿಂಡಿದ ಗೋಲಿಸೋಡ. ಹೊರಗೆ ಓಡಿಹೋಗಿ ಅದನ್ನೇ ತಂದು, "ಒಂದು ತೇಗು ಬಂದ್ರ ಎಲ್ಲ ಇಳೀತೈತಿ, ಕುಡಿಲೇ" ಎಂದು ಕೂಗುತ್ತ ಎಬ್ಬಿಸಿ ಕೂರಿಸಿ ಪೂರ್ತಿ ಬಾಟ್ಲಿ ಕುಡಿಸಿದ. ತೇಗು ಬಂತು. ಅದರ ಹಿಂದೆಯೇ ಮಿಕ್ಕದ್ದೂ ಬಂತು, ಗೋಡೆಯವರೆಗೆ. ನರ್ಸಮ್ಮ ಬಂದು ಅವನನ್ನು ಬಯ್ದ ಬೈಗುಳ ನನಗೆ ಕೇಳಿಸಲಿಲ್ಲ, ಅವನ ಮುಖದಲ್ಲಿ ಕಂಡಿತು. ಎರಡು ಇಂಜೆಕ್ಷನ್ ಆದ ಮೇಲೆ, ಮರುದಿನ ಬೆಳಗಿನ ಹೊತ್ತಿಗೆ ನಿಂತಿತು.

ಮೂರು ವಾರ ಕಳೆದು ಕಿವಿಯೊಳಗಿನ ಹತ್ತಿ ತೆಗೆದು ನೋಡಿದ ಡಾಕ್ಟರು ತಲೆಯಾಡಿಸಿದರು. ತೇಪೆ ಜಾಗ ಬಿಟ್ಟು ಸರಿದಿತ್ತು. ವಾಂತಿಯ ಒತ್ತಡಕ್ಕೆ ಹೀಗೆ ಆಗುವುದುಂಟು ಎಂದರು. ಬಸ್ಸಿನ ವಿಚಾರವನ್ನು ನಾನು ಆಗಲೂ ಮುಚ್ಚಿಟ್ಟೆ. ಜಟ್ಟಿ ಜಾರಿಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುತ್ತಾರಲ್ಲ, ಆ ಜಟ್ಟಿ ನಾನೇ. ಊರಿಗೆ ಬಂದು ಗ್ಯಾರೇಜಿನಲ್ಲಿ ಕೇಳಿದವರಿಗೆಲ್ಲ, "ಮತ್ತಿನ ಗ್ಯಾಸ್ ಹೆಚ್ಚು ಬಿಟ್ಟಾರ. ಟ್ಯೂಬಿಗೆ ಗಾಳಿ ಹೊಡದಂಗ ಹೊಡದಾರ" ಎಂದು ಆ ಡಾಕ್ಟರಮ್ಮನ ಮೇಲೆ ಹಾಕಿಬಿಟ್ಟೆ. ಎರಡು ವರ್ಷ ಅದನ್ನೇ ಹೇಳಿಕೊಂಡು ತಿರುಗಿದೆ. ಹೇಳುತ್ತ ಹೇಳುತ್ತ ನನಗೂ ಅದೇ ನಿಜ ಅನಿಸತೊಡಗಿತು.

ಅಷ್ಟರಲ್ಲಿ ಕಿವಿ ಮತ್ತೆ ಸೋರತೊಡಗಿ, ಕೇಳುವುದು ಇನ್ನೂ ಕಡಿಮೆಯಾಯಿತು. ಡಾಕ್ಟರು ಇನ್ನೊಂದು ಸಲ ಮಾಡೋಣ, ಆದರೆ ಮೂರನೇ ಸಲ ತೇಪೆ ಹಾಕುವಷ್ಟು ಜಾಗ ಉಳಿಯುವುದಿಲ್ಲ ಎಂದಿದ್ದರು. ನಾನು ಒಲ್ಲೆ ಎಂದು ಕೂತಿದ್ದೆ. ಸತ್ತರೂ ಸರಿ, ಆ ವಾಂತಿ ಮತ್ತೆ ಬೇಡ ಎನ್ನುವುದು ನನ್ನ ಹಟ.

ಅದೇ ದಿನಗಳಲ್ಲಿ ಹಗರಿಬೊಮ್ಮನಹಳ್ಳಿಯಿಂದ ಒಬ್ಬ ಲಾರಿ ತಂದ. ಇಂಜಿನ್ ಹಿಡಿದುಕೊಂಡು ತಿರುಗದೆ ನಿಂತಿತ್ತು. ನೀರಿಲ್ಲದೆ ಓಡಿಸಿದ್ದೀಯಾ ಎಂದು ಕೇಳಿದರೆ, ಇಲ್ಲವೇ ಇಲ್ಲ ಎಂದು ದೇವರ ಆಣೆ ಹಾಕಿದ. ಇಂಜಿನ್ನಿನ ಮೇಲಿನ ಹೆಡ್ ಬಿಚ್ಚಿದರೆ ಅದು ಕಾದು ಸೊಟ್ಟಗಾಗಿದೆ. ನನಗೆ ಪಿತ್ತ ನೆತ್ತಿಗೇರಿತು. "ಡಾಕ್ಟರ ಮುಂದ, ಮೇಸ್ತ್ರಿ ಮುಂದ ಸುಳ್ಳು ಹೇಳಬಾರದಲೇ. ಮೊದ್ಲೇ ಹೇಳಿದ್ರ ಎರಡು ದಿನದ ಕೆಲಸ ಉಳೀತಿತ್ತು" ಎಂದು ಕಿರುಚಿದೆ. ಗೆಳೆಯ ಬೀಡಿ ಸೇದುತ್ತ ಅಲ್ಲೇ ಕೂತಿದ್ದ. ಗಿರಾಕಿಯನ್ನು ಸಮಾಧಾನ ಮಾಡಲೆಂದು, ಮೇಸ್ತ್ರಿ ಆಸ್ಪತ್ರೆಯಲ್ಲಿ ಡಾಕ್ಟರಮ್ಮನಿಗೆ ಡೀಸೆಲ್ ಕುಡಿದು ಬೆಳೆದವನು ಎಂದು ಹೇಳಿದ ಕತೆಯನ್ನು ಹೇಳತೊಡಗಿದ. ನನ್ನ ಹೆಂಡತಿ ಆಗತಾನೆ ಊಟದ ಕ್ಯಾರಿಯರ್ ಹಿಡಿದು ಬಂದಿದ್ದಳು. ಆ ಕತೆ ಅವಳಿಗೆ ಹೊಸದು. ಪೂರ್ತಿ ಕೇಳಿಸಿಕೊಂಡು, ಕ್ಯಾರಿಯರನ್ನು ಬೆಂಚಿನ ಮೇಲೆ ಇಟ್ಟು, ನನ್ನ ಬಲಗಿವಿಯ ಕಡೆ ಬಂದು ನಿಂತಳು.

ನನಗೆ ಕೇಳಬೇಕೆಂದರೆ ಅವಳು ಕೂಗಲೇಬೇಕು. ಕೂಗಿದಳು.

"ಹರಪನಹಳ್ಳಿಗೆ ಹೋದಾಗೊಮ್ಮೆ ಬಸ್ಸಿನ ಹಿಂದ ನಿಂತು ಕಾರ್ಕೊಂತೀರಿ, ವಾಂತಿ ಬರಂಗಿಲ್ಲ ಅಂತ ಡಾಕ್ಟರಿಗೆ ಹೇಳಿ ಬಂದೀರೇನ್ರಿ?"

ಎದುರಿನ ಚಹಾದಂಗಡಿಯವನೂ ತಿರುಗಿ ನೋಡಿದ. ಗೆಳೆಯನ ಬಾಯಿಂದ ಬೀಡಿ ಬಿತ್ತು. ಆಮೇಲೆ ಅವರು ನಕ್ಕದ್ದು ಇಷ್ಟಿಷ್ಟಲ್ಲ. ಲಾರಿಯವನು ಹೊಟ್ಟೆ ಹಿಡಿದುಕೊಂಡು ಕೂತುಬಿಟ್ಟ. ನನ್ನ ಮಾನ ಮೂರುಕಾಸಿಗೆ ಹೋಯಿತು ಎಂದು ಸ್ಪ್ಯಾನರ್ ಎಸೆದು ಒಳಗೆ ಹೋದೆ. ಅವಳು ಬೆನ್ನು ಹತ್ತಿ ಬಂದಳು. ನಗುತ್ತಿರಲಿಲ್ಲ.

"ಈಗ ಎಲ್ಲರಿಗೂ ಗೊತ್ತಾತು. ಇನ್ನ ಮುಚ್ಚಿಡಾಕ ಏನೈತಿ? ನಡೀರಿ ದಾವಣಗೆರೆಗೆ."

ಈ ಸಲ ಅವಳೇ ಜೊತೆಗೆ ಬಂದಳು. ಆಪರೇಷನ್ನಿನ ಹಿಂದಿನ ಸಂಜೆ ವಾರ್ಡಿಗೆ ಬಂದವರು ಅದೇ ಡಾಕ್ಟರಮ್ಮ. ಎರಡು ವರ್ಷ ಅವರ ಮೇಲೆ ಗೂಬೆ ಕೂರಿಸಿದ್ದು ನೆನಪಾಗಿ ನನಗೆ ತಲೆ ಎತ್ತಲಾಗಲಿಲ್ಲ. ಅವರು ಹಳೆಯ ಫೈಲು ತೆರೆದು, ಹೋದ ಸಲ ಬಹಳ ವಾಂತಿಯಾಗಿದೆ ಎಂದು ಬರೆದದ್ದನ್ನು ಓದಿ, ಮತ್ತೆ ನನ್ನ ಕಿವಿಯ ಹತ್ತಿರ ಬಗ್ಗಿ ಮೊದಲಿನಿಂದ ಎಲ್ಲ ಕೇಳಿದರು. ಬಸ್ಸಿನ ಪ್ರಶ್ನೆ ಬರುವ ಮೊದಲೇ ಹೆಂಡತಿ ಬಾಯಿ ತೆರೆದಳು. ನಾನು ಕೈ ಅಡ್ಡ ಹಿಡಿದೆ.

"ನನಗ ಬಸ್ಸಿನ್ಯಾಗ ವಾಂತಿ ಬರ್ತೈತ್ರಿ, ಅಮ್ಮಾರ. ಸಣ್ಣಾವ ಇದ್ದಾಗಿಂದ. ಹೋದ ಸಲ ಸುಳ್ಳು ಹೇಳಿದ್ನಿ. ಊರಾಗ ನಿಮ್ಮ ಹೆಸರು ಕೆಡಿಸೀನಿ, ಗ್ಯಾಸ್ ಹೆಚ್ಚು ಬಿಟ್ರು ಅಂತ."

ಅವರು ಬಯ್ಯಲಿಲ್ಲ. ಬಯ್ದಿದ್ದರೆ ಹಗುರಾಗುತ್ತಿತ್ತು. ಪೆನ್ನಿನ ಮುಚ್ಚಳ ಹಾಕಿ ನನ್ನ ಮಂಚದ ಮೇಲೆ, ಬಲಗಿವಿಯ ಕಡೆ ಕೂತರು.

"ಕಿವಿ ಆಪರೇಷನ್ ಅಂದ್ರೇನೇ ವಾಂತಿ ಜಾಸ್ತಿ. ಬಸ್ಸಲ್ಲಿ ವಾಂತಿ ಆಗೋರಿಗೆ ಇನ್ನೂ ಜಾಸ್ತಿ. ಬೀಡಿ ಸೇದದೇ ಇರೋರಿಗೂ ಸ್ವಲ್ಪ ಹೆಚ್ಚೇ. ಹೋದ ಸಲ ಒಂದು ಇಂಜೆಕ್ಷನ್ ಕೊಟ್ಟಿದ್ದೆ, ಸಾಕಾಗ್ಲಿಲ್ಲ. ನೀವು ಹೇಳಿದ್ರೆ ಮತ್ತಿನ ಔಷಧನೇ ಬದಲಾಯಿಸ್ತಿದ್ದೆ."

ಬೀಡಿಯ ಮಾತನ್ನು ಆಮೇಲೆ ಗೆಳೆಯನಿಗೆ ಹೇಳಿ ತಪ್ಪು ಮಾಡಿದೆ. ಸೇದುವುದೂ ಒಂದು ಔಷಧ ಎಂದು ಇಂದಿಗೂ ವಾದ ಮಾಡುತ್ತಾನೆ. ಅವನ ಎದೆ ಕೆಮ್ಮಿ ಕೆಮ್ಮಿ ಹಳೆಯ ಸೈಲೆನ್ಸರ್ ಆಗಿದೆ.

ಡಾಕ್ಟರಮ್ಮ ತಾವು ಮಾಡುವುದನ್ನು ನನಗೆ ತಿಳಿಯುವ ಹಾಗೆ ಹೇಳಿದರು. ಮೂಗಿಗೆ ಕೊಡುವ ಗ್ಯಾಸಿನ ಬದಲು ನರದೊಳಗೆ ಹಾಲಿನಂಥ ಬಿಳಿ ಔಷಧವನ್ನು ಸಣ್ಣಗೆ ಬಿಡುತ್ತ ನಿದ್ದೆ ಮಾಡಿಸುವುದು. ಶುರುವಿಗೆ ಒಂದು, ಮುಗಿಯುವ ಹೊತ್ತಿಗೆ ಇನ್ನೊಂದು ಬೇರೆ ಬಗೆಯ ವಾಂತಿ ತಡೆಯುವ ಇಂಜೆಕ್ಷನ್. ನೋವಿನ ಗಟ್ಟಿ ಔಷಧಗಳೂ ವಾಂತಿ ತರುತ್ತವಂತೆ, ಅವನ್ನು ಆದಷ್ಟು ಕಡಿಮೆ ಮಾಡಿ ಬೇರೆ ನೋವಿನ ಮಾತ್ರೆ ಕೊಡುವುದು. ಡ್ರಿಪ್ ಬಾಟ್ಲಿ ಚೆನ್ನಾಗಿ ಹೋಗಬೇಕು, ಎಚ್ಚರವಾದ ಮೇಲೆ ತಲೆ ಅತ್ತಿತ್ತ ಹೊರಳಿಸಬಾರದು, ದಡಬಡಿಸಿ ಏಳಬಾರದು. ಇಷ್ಟಾದರೂ ಹೊಟ್ಟೆ ತೊಳಸಿದರೆ ವಾಂತಿಯಾಗುವವರೆಗೆ ಕಾಯದೆ ಆಗಲೇ ಹೇಳಬೇಕು, ಅದಕ್ಕೆ ಮೂರನೆಯ ಔಷಧ ಇದೆ.

"ಗಂಡಸ್ತನ ತೋರಿಸೋಕೆ ಹೋಗಿ ತಡ್ಕೊಂಡು ಮಲಗಬೇಡಿ" ಎಂದರು. ಹೆಂಡತಿ ನನ್ನ ಕಡೆ ನೋಡಿದಳು. ನಾನು ಮೇಲೆ ಫ್ಯಾನು ನೋಡಿದೆ.

ಎಚ್ಚರವಾದಾಗ ಕಣ್ಣು ಬಿಡಲು ಹೆದರಿದೆ. ಬಿಟ್ಟರೆ ತಿರುಗುತ್ತದೆ ಎಂದು ಗೊತ್ತಿತ್ತಲ್ಲ. ಹಲ್ಲು ಕಚ್ಚಿಕೊಂಡು, ಬಾಯಲ್ಲಿ ನೀರೂರುವುದನ್ನೇ ಕಾಯುತ್ತ ಬಹಳ ಹೊತ್ತು ಮಲಗಿದೆ. ನೀರೂರಲಿಲ್ಲ. ಒಂದು ಕಣ್ಣು ತೆರೆದೆ. ಫ್ಯಾನು ಮಾತ್ರ ತಿರುಗುತ್ತಿತ್ತು, ಸೂರು ಸೂರಿನ ಜಾಗದಲ್ಲೇ ಇತ್ತು. ಇನ್ನೊಂದು ಕಣ್ಣು ತೆರೆದೆ. ಹೆಂಡತಿ ಸ್ಟೂಲಿನ ಮೇಲೆ ಬಕೀಟು ಹಿಡಿದು ಕೂತಿದ್ದಳು, ನನ್ನ ಬಾಯಿಗೆ ದೃಷ್ಟಿ ನೆಟ್ಟು. ಬೆಳಗಿನಿಂದ ಅವಳೂ ಏನೂ ತಿಂದಿರಲಿಲ್ಲ. ನಾನು ಬೇಡ ಎಂದು ಕೈಯಾಡಿಸಿದೆ. ಅವಳು ನಂಬಲಿಲ್ಲ, ಸಂಜೆಯವರೆಗೆ ಬಕೀಟನ್ನು ನೆಲಕ್ಕಿಡಲಿಲ್ಲ. ಆ ಹೊತ್ತಿನ ಸುಖವನ್ನು ನಾನು ಹೇಗೆ ಹೇಳಲಿ. ಕಿವಿ ನೋಯುತ್ತಿತ್ತು, ತಲೆ ತುಂಬ ಪಟ್ಟಿ, ಗಂಟಲು ಒಣಗಿತ್ತು. ಆದರೆ ಹೊಟ್ಟೆ ತಣ್ಣಗೆ ತನ್ನ ಪಾಡಿಗೆ ತಾನಿತ್ತು. ನನಗೆ ಅಷ್ಟೇ ಸಾಕಾಗಿತ್ತು.

ಪೂರ್ತಿ ಪಾರಾದೆ ಎಂದೇನಲ್ಲ. ಮರುದಿನ ಬೆಳಿಗ್ಗೆ ಮಗ್ಗುಲು ಬದಲಿಸಲು ಹೋದಾಗ ಸಣ್ಣಗೆ ತೊಳಸಿ ಬಂತು. ಹಳೆಯ ಬುದ್ಧಿ, ತಡೆದುಕೊಳ್ಳೋಣ ಎಂದು ಒಂದು ನಿಮಿಷ ಸುಮ್ಮನಿದ್ದೆ. ಆಮೇಲೆ ಕೈ ಎತ್ತಿ ನರ್ಸಮ್ಮನನ್ನು ಕರೆದು, "ಬರಾಕ ಹತ್ತೈತ್ರಿ" ಎಂದೆ. ಆಕೆ ತಲೆ ಎತ್ತರ ಮಾಡಿ, ನಿಧಾನ ಉಸಿರು ತೆಗೆದುಕೊಳ್ಳಲು ಹೇಳಿ, ಆ ಮೂರನೆಯ ಔಷಧವನ್ನು ಡ್ರಿಪ್‌ನೊಳಗೆ ಬಿಟ್ಟರು. ಸ್ವಲ್ಪ ಹೊತ್ತಿನಲ್ಲಿ ಇಳಿಯಿತು. ಅದೇ ಹೊತ್ತಿಗೆ ಗೆಳೆಯ ನೋಡಲು ಬಂದ. ಕೈಯಲ್ಲಿ ಗೋಲಿಸೋಡ, ಜೇಬಿನಲ್ಲಿ ನಿಂಬೆಹಣ್ಣು. ಹೆಂಡತಿ ಬಾಗಿಲಲ್ಲೇ ಅಡ್ಡ ನಿಂತಳು. ಅವಳು ಅಂದದ್ದನ್ನು ಆಮೇಲೆ ಗೆಳೆಯನೇ ಹೇಳಿದ.

"ಅಣ್ಣಾ, ಅದನ್ನ ನೀವಾ ಕುಡೀರಿ. ಇವರಿಗೆ ಸಂಜಿತನ ಚಮಚದಾಗ ನೀರು ಅಷ್ಟಾ."

ಅವನು ಅಲ್ಲೇ ನಿಂತು ಕುಡಿದು, ತೇಗಿ, ನನ್ನ ಪಾದ ಮುಟ್ಟಿ ನೋಡಿ ಹೋದ. ಒಳ್ಳೆಯ ಮನುಷ್ಯ.

ಡಾಕ್ಟರು ಎಂಟು ದಿನ ಪ್ರಯಾಣ ಬೇಡ ಎಂದು ಆಸ್ಪತ್ರೆಯಲ್ಲೇ ಉಳಿಸಿಕೊಂಡರು. ಆಮೇಲೆ ಮಾವ ಬಂದು ಹರಪನಹಳ್ಳಿಯ ತಮ್ಮ ಮನೆಯವರೆಗೆ ಕಾರಿನ ಮುಂದಿನ ಸೀಟಿನಲ್ಲಿ, ಮೊದಲೇ ವಾಂತಿಯ ಮಾತ್ರೆ ನುಂಗಿಸಿ, ಎತ್ತಿನ ಗಾಡಿಯ ವೇಗದಲ್ಲಿ ಕರೆದೊಯ್ದರು. ಅಲ್ಲಿ ಸೀನು ಬಂದರೂ ಬಾಯಿ ತೆರೆದು ಸೀನುತ್ತ, ಮೂಗು ಸೀಟದೆ, ಬಸುರಿಯ ಹಾಗೆ ಕಾಪಾಡಿಕೊಂಡೆ. ಮಾವನಿಗೂ ಈಗ ನಿಜ ಗೊತ್ತಾಗಿತ್ತು. ಇಷ್ಟು ವರ್ಷ ಸಂಕೋಚದ ಅಳಿಯ ಎಂದುಕೊಂಡಿದ್ದೆನಲ್ಲಪ್ಪ ಎಂದು ನಕ್ಕು ನಕ್ಕು ಸುಸ್ತಾದರು.

ಹತ್ತಿ ತೆಗೆಯುವ ದಿನ ಬಂತು. ಕಿವಿಯ ಡಾಕ್ಟರ ಕೋಣೆ ಸಣ್ಣದು, ಹೆಂಡತಿಯನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿದರು. ಒಳಗೆ ಡಾಕ್ಟರು ಒಂದೊಂದೇ ತುಣುಕು ಎಳೆದು ತೆಗೆದರು. ಕೊನೆಯದು ಬಂದಾಗ ಟ್ರೇಯಲ್ಲಿ ಚಿಮಟ ಇಟ್ಟ ಸದ್ದಿಗೆ ನಾನು ಬೆಚ್ಚಿಬಿದ್ದೆ. "ತೇಪೆ ಚೆನ್ನಾಗಿ ಕೂತಿದೆ" ಎಂದರು ಡಾಕ್ಟರು, ಮಾಮೂಲಿ ದನಿಯಲ್ಲಿ. ನಾನು ಅವರ ತುಟಿ ನೋಡಿರಲಿಲ್ಲ.

ಹೊರಗೆ ಬಂದೆ. ಎಷ್ಟೊಂದು ಸದ್ದು. ಚಪ್ಪಲಿ ಉಜ್ಜುವುದು, ಬಾಗಿಲ ತಿರುಗಣಿ ಕಿರುಗುಟ್ಟುವುದು, ಯಾವುದೋ ಮಗುವಿನ ಹಟ, ಎಲ್ಲ ಒಟ್ಟಿಗೆ ಮೈಮೇಲೆ ಬಿದ್ದವು. ಬೆಂಚಿನ ಮೇಲೆ ಅವಳ ಪಕ್ಕ ಕೂತು ಎರಡೂ ಕೈಯಿಂದ ಮುಖ ಮುಚ್ಚಿಕೊಂಡೆ. ಅವಳು ನನ್ನ ಮುಖ ನೋಡಿ, ಈ ಸಲವೂ ಆಗಲಿಲ್ಲ ಎಂದುಕೊಂಡಳು. ಕೇಳುವುದಿಲ್ಲವೆಂದು ಗೊತ್ತಿದ್ದುದರಿಂದ ನನಗೆ ಏನೂ ಹೇಳಲಿಲ್ಲ. ಔಷಧದ ಚೀಲವನ್ನು ತೊಡೆಯ ಮೇಲೆ ಸರಿ ಮಾಡಿಕೊಳ್ಳುತ್ತ, ಎಂದಿನಂತೆ ತನ್ನಷ್ಟಕ್ಕೆ ಗೊಣಗಿಕೊಂಡಳು.

"ಹೋಗ್ಲಿ ಬಿಡು. ಮನುಷ್ಯ ಗಟ್ಟಿ ಅದಾನ, ಅಷ್ಟು ಸಾಕು ನನಗ. ಇಷ್ಟು ವರ್ಷ ಕೂಗಿಲ್ಲೇನು, ಇನ್ನೂ ಕೂಗ್ತೀನಿ. ಯಾ ಅಲ್ಲಾ, ಅವರ ಎದಿ ಮಾತ್ರ ಒಡಿಬ್ಯಾಡ."

ಒಂದಕ್ಷರವೂ ತಪ್ಪದೆ ಕೇಳಿಸಿತು. ಇಷ್ಟು ವರ್ಷ ಒಲೆಯ ಮುಂದೆ ಅವಳು ಗೊಣಗಿಕೊಂಡದ್ದೂ ಇಂಥವೇ ಇರಬಹುದು, ನಾನು ಬೈಗುಳವೆಂದು ತಿಳಿದು ಮುಖ ತಿರುಗಿಸಿಕೊಂಡಿದ್ದೆ ಎಂದು ನಾಚಿಕೆಯಿಂದ ಕುಗ್ಗಿಹೋದೆ. ಮುಖದಿಂದ ಕೈ ತೆಗೆದೆ.

"ಕೂಗಬ್ಯಾಡ," ಎಂದೆ. "ಕೇಳಿಸ್ತು."

ಅವಳು ನನ್ನನ್ನೇ ನೋಡುತ್ತ ಕೂತಳು. ಆಮೇಲೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು, ಜನ ನೋಡಬಾರದೆಂದು ಸಣ್ಣಗೆ, ಗಂಟಲೊಳಗೇ. ನನ್ನ ಹೆಂಡತಿ ಅಳುವುದನ್ನು ನಾನು ಎಷ್ಟೋ ಸಲ ನೋಡಿದ್ದೆ. ಆ ಸದ್ದು ಹೇಗಿರುತ್ತದೆ ಎಂದು ತಿಳಿದದ್ದು ಅವತ್ತೇ.